ಕಾರ್ತೀಕದ ಒಪ್ಪತ್ತು ಮತ್ತು ಸೊಸೆಯ ಮೊಬೈಲು

ಕಳೆದ ಕಾರ್ತೀಕದಲ್ಲಿ ನನ್ನ ಸೊಸೆಗೆ ಹಳೇ ಕಾಯಿಲೆ ಮತ್ತೆ ತಲೆಯೆತ್ತಿದ್ದು ಯಾರ ಕಣ್ಣು ತಾಗಿಯೂ ಅಲ್ಲ, ಯಾರೋ ಮಾಡಿಸಿದ್ದರಿಂದಲೂ ಅಲ್ಲ, ಊರ ಮುಂದಿನ ಹುಣಸೇಮರದ ಗಾಳಿಯಿಂದಲೂ ಅಲ್ಲ. ಬೆಳಗಿನ ತಿಂಡಿ ಬಿಟ್ಟಿದ್ದರಿಂದ. ತಿಂಡಿ ಬಿಟ್ಟಳು, ತಿಂಡಿಯ ಜೊತೆ ಮಾತ್ರೆಯೂ ಬಿಟ್ಟುಹೋಯಿತು. ನಡೆದದ್ದು ಅಷ್ಟೇ. ಅದನ್ನು ಮನೆಯಲ್ಲಿದ್ದ ನಾವು ಯಾರೂ ಕಂಡುಹಿಡಿಯಲಿಲ್ಲ. ಒಂದು ಮೊಬೈಲು, ಅದರ ಆ ತುದಿಯಲ್ಲಿ ಕೂತಿದ್ದ ಇಬ್ಬರು ಹೆಂಗಸರು ಕಂಡುಹಿಡಿದರು. ಊರಿನಲ್ಲಿ ಇನ್ನೂ ಬೇರೆ ಕಥೆ ಹೇಳಿಕೊಂಡು ತಿರುಗುವವರಿದ್ದಾರೆ. ಅವರಿಗೆ ಬಾಯಿ ಇದೆ, ಹೇಳಿಕೊಳ್ಳಲಿ.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಬರೆಯುವುದು ನಿಧಾನ, ತಪ್ಪುಗಳನ್ನು ಮೊಮ್ಮಗಳು ತಿದ್ದುತ್ತಾಳೆ. ಆದರೂ ಬರೆಯಲು ಕೂತಿದ್ದೇನೆ. ಇಂಥ ಕಾಯಿಲೆ ಇರುವ ಮನೆಗಳು ನಮ್ಮ ಮಧುಗಿರಿ, ಕೊರಟಗೆರೆ, ಸಿರಾ ಕಡೆ ಬೇಕಾದಷ್ಟಿವೆ. ಬಾಗಿಲು ಮುಚ್ಚಿಕೊಂಡಿರುತ್ತವೆ. ನಮ್ಮದೂ ಕೆಲವು ವರ್ಷ ಮುಚ್ಚಿಕೊಂಡೇ ಇತ್ತು.

ನಮ್ಮ ಊರು ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ರಸ್ತೆಯಿಂದ ಒಳಕ್ಕಿದೆ. ಮನೆಯಲ್ಲಿ ನಾನು, ಸೊಸೆ, ಮೊಮ್ಮಗಳು. ಮಗ ಪಾವಗಡದ ಸೋಲಾರ್ ಪಾರ್ಕಿನಲ್ಲಿ, ರಾಯಚರ್ಲು ಕಡೆ, ಗಾಜಿನ ಹಲಗೆಗಳನ್ನು ತೊಳೆಯುವ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಮಳೆಯೇ ಬೀಳದ ಕಡೆ ಗಾಜು ತೊಳೆಯುವುದಕ್ಕೆ ನೀರು ಹೊರುವುದು ಎಂಥ ಕೆಲಸವೋ, ನನಗೆ ಗೊತ್ತಿಲ್ಲ, ಸಂಬಳ ಕೊಡುತ್ತಾರೆ. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಸಂಜೆ ಬರುತ್ತಾನೆ. ಸೊಸೆ ಪಾವಗಡದ ಕಡೆಯವಳೇ. ಅವಳ ತೌರಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಮನೆಗೆ ಬಂದ ಹೊಸದರಲ್ಲಿ ನನ್ನನ್ನು "ಅತ್ತಾ" ಎಂದು ಕರೆಯುತ್ತಿದ್ದಳು. ತಿದ್ದಿ ತಿದ್ದಿ "ಅತ್ತೆ" ಮಾಡಿಸಿದೆ. ರವಿಕೆ ಹೊಲಿಯುವುದರಲ್ಲಿ ಅವಳ ಕೈ ಬಹಳ ಚೆನ್ನ. ಸುತ್ತಲಿನ ಊರುಗಳಿಂದ ಬಟ್ಟೆ ತಂದು ಕೊಟ್ಟು ಹೋಗುತ್ತಾರೆ.

ಹೆರಿಗೆಯಾದ ಕೆಲವು ವರ್ಷಗಳ ಮೇಲೆ ಕಾಯಿಲೆ ಬಂತು. ಗೋಡೆಯಾಚೆ ಒಬ್ಬ ಗಂಡಸು, ಒಬ್ಬ ಹೆಂಗಸು ಕೂತುಕೊಂಡು ಅವಳ ವಿಷಯ ಮಾತಾಡುತ್ತಾರಂತೆ. "ನೋಡು, ಈಗ ಎದ್ದಳು, ಈಗ ಪಾತ್ರೆ ತೊಳೀತಾ ಅವಳೆ" ಅಂತ. ನಾನು ಗೋಡೆಯಾಚೆ ಹೋಗಿ ನೋಡಿ ಬಂದೆ. ಅಲ್ಲಿ ನಮ್ಮ ಹಸು ಇತ್ತು, ಮೆಲುಕು ಹಾಕುತ್ತಿತ್ತು. ಹಾಗೆಂದು ಹೇಳಿದೆ. ಅವಳು ನಂಬಲಿಲ್ಲ. ಅವಳ ಕಿವಿಗೆ ಕೇಳಿಸುವುದು ನನ್ನ ಕಿವಿಗೆ ಕೇಳಿಸದಿದ್ದರೆ ಅವಳು ಯಾಕೆ ನಂಬಬೇಕು? ಇದು ನನಗೆ ಆಮೇಲೆ ಅರ್ಥವಾದ ಮಾತು. ಸಿದ್ದರಬೆಟ್ಟಕ್ಕೆ ಹತ್ತಿಸಿದೆವು, ಮೂಲಿಕೆ ಕುಡಿಸಿದೆವು. ಸಿರಾದಲ್ಲಿ ತಾಯತ ಕಟ್ಟಿಸಿದೆವು. ಬೆಟ್ಟ ಹತ್ತಿ ಕಾಲು ನೋವು ಬಂತು, ಬೇರೇನೂ ಬರಲಿಲ್ಲ. ಕೊನೆಗೆ ಆಸ್ಪತ್ರೆಗೆ ಹೋದ ಮೇಲೆ ಕಾಯಿಲೆಗೆ ಒಂದು ಹೆಸರು ಸಿಕ್ಕಿತು, ಸ್ಕಿಜೋಫ್ರೇನಿಯಾ. ಅದು ನನ್ನ ಬಾಯಿಗೆ ಸಲೀಸಾಗಿ ಬರುವುದಕ್ಕೆ ತಿಂಗಳು ಹಿಡಿಯಿತು. ಬಂದ ದಿನದಿಂದ ಹುಚ್ಚು ಎನ್ನುವ ಮಾತನ್ನು ನಮ್ಮ ಮನೆಯೊಳಗೆ ಯಾರೂ ಆಡಬಾರದೆಂದು ಮಾಡಿದೆ.

ಮಾತ್ರೆಯಿಂದ ಗುಣವಾಯಿತು. ಗುಣವಾಯಿತೆಂದು ಮಾತ್ರೆ ಬಿಟ್ಟಳು, ಮತ್ತೆ ಬಂತು. ಎರಡನೇ ಸಲ ಬಂದಾಗ ಊರೆಲ್ಲ ನೋಡುವಂತೆ ಆಯಿತು. ಮಗಳ ಸ್ಕೂಲಿನ ಹತ್ತಿರ ಹೋಗಿ ಕಿರುಚಿದಳು. ಆಗ ನನ್ನ ಮಗ ಒಂದು ಮಾತು ಹೇಳಿದ. "ಅವ್ವ, ಇನ್ನೊಂದ್ಸಲ ಇಂಗಾದ್ರೆ ಅವಳನ್ನ ಅವಳ ತೌರಲ್ಲಿ ಬುಟ್ಟು ಬತ್ತೀನಿ. ಮಗು ಇಲ್ಲೇ ಇರ್ಲಿ. ನನ್ ಕೈಲಾಗಲ್ಲ." ಸಿಟ್ಟಿನಲ್ಲಿ ಆಡಿದ ಮಾತಲ್ಲ. ನಿಧಾನವಾಗಿ, ಚಪ್ಪಲಿ ಬಿಡುತ್ತಾ ಹೇಳಿದ. ಅದಕ್ಕೇ ನನಗೆ ಭಯವಾಯಿತು. ಸೊಸೆಯೂ ಒಳಗಿನಿಂದ ಕೇಳಿಸಿಕೊಂಡಳು. ಆ ಮಾತು ಗೋಡೆಯಾಚೆಯದಲ್ಲ, ಈಚೆಯದು ಎನ್ನುವುದು ಅವಳಿಗೂ ಗೊತ್ತಾಯಿತು.

ಅದಾದ ಮೇಲೆಯೇ ಮೊಬೈಲಿನ ವಿಷಯ ಬಂದದ್ದು. ಮಧುಗಿರಿಯ ಆಸ್ಪತ್ರೆಗೆ ಈ ಕಾಯಿಲೆಯ ಡಾಕ್ಟರಮ್ಮ ತಿಂಗಳಿಗೊಮ್ಮೆ ಬರುತ್ತಾರೆ. ನಡುವಿನ ದಿನಗಳಲ್ಲಿ ಏನಾದರೂ ಆದರೆ? ಅದಕ್ಕೆಂದು ಸೊಸೆಯ ಮೊಬೈಲಿಗೆ ಒಂದು ಆಪ್ ಹಾಕಿಕೊಡುತ್ತೇವೆ ಎಂದರು. ರಾತ್ರಿ ಊಟದ ಮೇಲೆ ಒಮ್ಮೆ ಅದು ಕನ್ನಡದಲ್ಲಿ ಕೇಳುತ್ತದೆ. ನಿದ್ದೆ ಬಂತಾ, ಇವತ್ತಿನ ಮಾತ್ರೆ ತಗೊಂಡಿರಾ, ಮಾತುಗಳು ಕೇಳಿಸಿದವಾ, ಕೇಳಿಸಿದರೆ ಎಷ್ಟು ಕಾಟ ಕೊಟ್ಟವು. ಉತ್ತರಕ್ಕೆ ಗೊಂಬೆ ಮುಖ ಒತ್ತಬೇಕು. ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ. ಅದನ್ನು ಅಲ್ಲಿ ಒಬ್ಬ ಹುಡುಗಿ ನೋಡುತ್ತಾಳೆ. ಸಮಾಲೋಚಕಿ ಅಂತ ಅವಳ ಕೆಲಸದ ಹೆಸರು. ವಾರಕ್ಕೊಮ್ಮೆ ಅವಳು ಫೋನ್ ಮಾಡುತ್ತಾಳೆ.

ನಾನು ಅಲ್ಲೇ ಕೇಳಿದೆ. "ಅಲ್ಲ ಕಣಮ್ಮ, ಗೊಂಬೆ ಮುಖ ಒತ್ತಿದ್ರೆ ಕಾಯಿಲೆ ಹೋಯ್ತದಾ?"

ಆ ಹುಡುಗಿ ನಕ್ಕು, "ಹೋಗಲ್ಲ ಅಜ್ಜಿ. ಬರೋದು ಮುಂಚೇನೇ ಗೊತ್ತಾಗುತ್ತೆ" ಎಂದಳು.

ಉತ್ತರ ನನಗೆ ಹಿಡಿಸಿತು. ವಾಸಿ ಮಾಡುತ್ತೇನೆ ಎಂದಿದ್ದರೆ ಎದ್ದು ಬರುತ್ತಿದ್ದೆ.

ಆದರೆ ಸೊಸೆಗೆ ಹಿಡಿಸಲಿಲ್ಲ. ಗೋಡೆಯಾಚೆಯವರಿಂದ ಬೇಸತ್ತವಳಿಗೆ ಮೊಬೈಲೊಳಗೊಬ್ಬಳು ಕೂತು ನೋಡುತ್ತಾಳೆ ಎಂದರೆ ಹೇಗಿರಬೇಡ? ಮನೆಗೆ ಬಂದವಳೇ ಮೊಬೈಲನ್ನು ಹಳೇ ಸೀರೆ ತುಂಡಿನಲ್ಲಿ ಸುತ್ತಿ ರಾಗಿ ಹಿಟ್ಟಿನ ಡಬ್ಬದೊಳಗೆ ಹೂತುಬಿಟ್ಟಳು. ರೊಟ್ಟಿಗೆ ಹಿಟ್ಟು ತೆಗೆಯಲು ಹೋದ ನನ್ನ ಕೈಗೆ ಅದು ಸಿಕ್ಕಿತು. ಬೇರೆ ಮನೆಯಾಗಿದ್ದರೆ ಬೈಯುತ್ತಿದ್ದರು. ನಾನೂ ಬೈಯುವುದರಲ್ಲಿದ್ದೆ. ಅಷ್ಟರಲ್ಲಿ ಆ ಹುಡುಗಿಯೇ ನನ್ನ ಫೋನಿಗೆ ಮಾಡಿ, "ಅವರಿಗೆ ಬೇಡ ಅಂದ್ರೆ ಬೇಡ ಅಜ್ಜಿ, ಒತ್ತಾಯ ಮಾಡಬೇಡಿ. ಯಾವ ಪ್ರಶ್ನೆ ಕೇಳುತ್ತೆ, ನಮಗೆ ಏನು ಕಾಣಿಸುತ್ತೆ, ಏನು ಕಾಣಿಸಲ್ಲ, ಎಲ್ಲಾ ತೋರಿಸ್ತೀನಿ. ಬೇಡ ಅನ್ನಿಸಿದ ದಿನ ಅವರೇ ತೆಗೆದು ಹಾಕಬಹುದು" ಎಂದಳು. ಮುಂದಿನ ಸಲ ಹೋದಾಗ ಪಕ್ಕದಲ್ಲಿ ಕೂರಿಸಿಕೊಂಡು ಹಾಗೆಯೇ ತೋರಿಸಿದಳು. ಆಪ್ ತೆಗೆದು ಹಾಕುವುದು ಹೇಗೆಂದು ಮೊದಲು ಕಲಿಸಿದಳು, ಆಮೇಲೆ ಹಾಕಿಕೊಳ್ಳುವುದು. ಸೊಸೆ ಎರಡು ಸಲ ತೆಗೆದಳು. ಮೂರನೇ ಸಲ ತಾನೇ ಹಾಕಿಕೊಂಡಳು. ಇಷ್ಟು ಜಾಣತನ ನಾನು ಬೀಗರ ಮನೆಯಲ್ಲೂ ಕಂಡಿಲ್ಲ, ನಮ್ಮ ಮನೆಯಲ್ಲೂ ಕಂಡಿಲ್ಲ.

ಆ ಮೇಲೆ ನೋಡಿದ್ದೇ ಬೇರೆ. ಮಾತುಗಳು ಕೇಳಿಸಿದಾಗ ಏನು ಮಾಡಬೇಕೆಂದು ಮೊಬೈಲಿನಲ್ಲೇ ಪಾಠಗಳಿದ್ದವು. ಜಗಳಕ್ಕೆ ಹೋಗಬೇಡ, ಹೆದರಲೂ ಬೇಡ, ಅವಕ್ಕೊಂದು ಹೊತ್ತು ಕೊಟ್ಟು ಆಗ ಬಾ ಅನ್ನು, ಅಂತ. ಒಂದು ದಿನ ಮಿಷನ್ನಿನ ಮುಂದೆ ಕೂತವಳು ಗೋಡೆ ಕಡೆ ತಿರುಗಿ ಗಟ್ಟಿಯಾಗಿ, "ಈಗ ಪುರುಸೊತ್ತಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಬರ್ರಿ" ಎಂದು ಗದರಿದಳು. ಹೊರಗೆ ರವಿಕೆ ಕೊಡಲು ಬಂದಿದ್ದ ಹೆಂಗಸು ತನಗೇ ಹೇಳಿದ್ದೆಂದು ತಿಳಿದು, "ಆಯ್ತು ಬುಡವ್ವ, ಸಂಜೆಗೇ ಬತ್ತೀನಿ" ಎಂದು ಹೊರಟೇಹೋದಳು. ನಾವಿಬ್ಬರೂ ನಕ್ಕೆವು. ಸೊಸೆ ನಕ್ಕಿದ್ದನ್ನು ನಾನು ಬಹಳ ದಿನದ ಮೇಲೆ ನೋಡಿದ್ದು. ಅತ್ತೆಗೆ ಒಂದು ದಿನವೂ ಎದುರಾಡದವಳು, ಕಾಣದವರಿಗೆ ಗದರುವುದನ್ನು ಕಲಿತಳು.

ರಾತ್ರಿ ಟಿಂಗ್ ಎಂದ ಕೂಡಲೇ ಮಿಷನ್ನು ನಿಲ್ಲಿಸಿ ಮುಖಗಳನ್ನು ಒತ್ತುವಳು. ಸುಳ್ಳು ಒತ್ತುತ್ತಿರಲಿಲ್ಲ. ಕೇಳಿಸಿದ ದಿನ ಕೇಳಿಸಿತು ಎಂದೇ ಒತ್ತುವಳು. ಗಂಡ ತೌರಿಗೆ ಬಿಡುತ್ತೇನೆ ಎಂದಿರುವಾಗ, ಇವತ್ತು ಕೇಳಿಸಿತು ಎಂದು ತಾನೇ ಹೇಳುವುದಕ್ಕೆ ಎಷ್ಟು ಗಟ್ಟಿ ಎದೆ ಬೇಕು, ನೀವೇ ಯೋಚಿಸಿ. ನನ್ನ ಮಂಡಿ ನೋವನ್ನೇ ನಾನು ಡಾಕ್ಟರಿಗೆ ಅರ್ಧ ಹೇಳಿ ಬರುತ್ತೇನೆ.

ಹೀಗೆ ಒಂದು ವರ್ಷ ಮೇಲಾಯಿತು, ಮಾತುಗಳು ಆಗೀಗ ಕೇಳಿಸಿದರೂ ಕಾಯಿಲೆ ಜೋರಾಗಲಿಲ್ಲ. ಆಗ ಕಾರ್ತೀಕ ಬಂತು.

ನಮ್ಮದು ಶಿವನ ಒಕ್ಕಲು. ಕಾರ್ತೀಕ ಮಾಸ ಪೂರ್ತಿ ನಾನು ಒಪ್ಪತ್ತು ಮಾಡುತ್ತೇನೆ. ಬೆಳಗಿನಿಂದ ಏನೂ ತಿನ್ನುವುದಿಲ್ಲ, ಸಂಜೆ ಸ್ನಾನ ಮಾಡಿ ದೀಪ ಹಚ್ಚಿದ ಮೇಲೆ ಒಂದೇ ಊಟ. ಮದುವೆಯಾಗಿ ಬಂದ ವರ್ಷದಿಂದ ಬಿಟ್ಟಿಲ್ಲ. ಸೊಸೆ ಆ ವರ್ಷ, "ಅತ್ತೆ, ವರ್ಷವಾಯ್ತು ನನ್ನ ಕಾಯಿಲೆ ಬಂದಿಲ್ಲ. ದೇವರಿಗೆ ನಾನೂ ಒಪ್ಪತ್ತು ಮಾಡ್ತೀನಿ" ಎಂದಳು. ಮಾಡು ಎಂದೆ. ಅದರಲ್ಲಿ ತಪ್ಪೇನಿದೆ? ನನ್ನ ಹಾಗೆ ಕಾಫಿ ಕುಡಿದುಕೊಂಡು ಮಾಡುವ ಒಪ್ಪತ್ತಲ್ಲ ಅವಳದು. ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಲಿಲ್ಲ.

ಮೊದಲ ವಾರ ಏನೂ ಆಗಲಿಲ್ಲ. ಆಮೇಲೆ ನಾನು ಒಂದು ವಿಷಯ ಗಮನಿಸಿದೆ. ಒಂದೇ ರವಿಕೆಯ ತೋಳನ್ನು ಹೊಲಿಯುವಳು, ಬಿಚ್ಚುವಳು, ಮತ್ತೆ ಹೊಲಿಯುವಳು. "ಯಾಕೇ ಇಂಗ್ ಬಿಚ್ತೀಯ?" ಎಂದರೆ, "ಸರಿ ಬರ್ಲಿಲ್ಲ ಅತ್ತೆ" ಎನ್ನುವಳು. ಉಪವಾಸದ ಸುಸ್ತು ಎಂದುಕೊಂಡೆ. ಆದರೆ ಅದೇ ಶುಕ್ರವಾರ ಆ ಹುಡುಗಿ ಫೋನ್ ಮಾಡಿದಳು. "ಅಜ್ಜಿ, ಅವರು ನಿದ್ದೆಗೆ ಅಳುವ ಮುಖ ಒತ್ತುತ್ತಿದ್ದಾರೆ. ಮಾತುಗಳೂ ಜಾಸ್ತಿ ಆಗಿವೆ ಅಂತ ಅವರೇ ತಿಳಿಸಿದ್ದಾರೆ. ಮಾತ್ರೆ ತಗೊಂಡೆ ಅಂತ ದಿನಾ ಒತ್ತಿದ್ದಾರೆ, ಆದರೂ ಯಾಕೋ ಹೀಗಾಗ್ತಾ ಇದೆ. ಭಾನುವಾರ ಡಾಕ್ಟರು ವಿಡಿಯೋದಲ್ಲಿ ನೋಡ್ತಾರೆ. ಮನೆಯವರೆಲ್ಲ ಇರಿ."

ಶನಿವಾರ ಸಂಜೆ ಮಗ ಬಂದ. ನಾನು ಮುಚ್ಚಿಡಲಿಲ್ಲ, ಹೇಳಿದೆ. ಅವನು ಮಿಷನ್ನಿನ ಹತ್ತಿರ ಬಿದ್ದಿದ್ದ ದಾರದ ತುಂಡುಗಳನ್ನು ನೋಡಿದ, ಹೆಂಡತಿಯ ಕಣ್ಣು ನೋಡಿದ. ಹೊರಗೆ ಹೋಗಿ ಅವಳ ಅಣ್ಣನಿಗೆ ಫೋನ್ ಮಾಡಿದ. ಬಂದು ನನಗೆ, "ನಾಳೆ ಮಧ್ಯಾಹ್ನ ಬಂದು ಕರ್ಕೊಂಡ್ ಹೋಗ್ತಾನಂತೆ" ಎಂದ.

"ನಾಳೆ ಡಾಕ್ಟ್ರು ನೋಡ್ತಾರೆ ಕಣ್ಲಾ, ಅಲ್ಲೀಗಂಟ ತಡ್ಕೊ."

"ಫೋನಾಗ್ ನೋಡಿ ಏನವ್ವ ಮಾಡ್ತಾರೆ? ಈಗ್ಲೇ ಕಳ್ಸಿದ್ರೆ ಮಗು ಎದ್ರು ರಂಪ ಆಗಲ್ಲ. ಆ ಸ್ಕೂಲತ್ರ ಆದದ್ದು ಮರ್ತೋಯ್ತಾ ನಿಂಗೆ?"

ಮರೆತಿರಲಿಲ್ಲ. ಸೊಸೆ ಅಡಿಗೆಮನೆಯಲ್ಲಿ ನಮಗೆ ಮುದ್ದೆ ಕಟ್ಟುತ್ತಿದ್ದಳು. ಕೇಳಿಸಿಕೊಂಡಳು. ಕಟ್ಟಿದ ಮುದ್ದೆಯನ್ನು ತಟ್ಟೆಗೆ ಹಾಕಿ ತಂದು ಗಂಡನ ಮುಂದಿಟ್ಟಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ. ಊಟ ಆದ ಮೇಲೆ ಮಗಳ ಯೂನಿಫಾರಂ ತೆಗೆದು, ಉದ್ದ ಬಿಡಬೇಕಾದ ಕಡೆ ಮಡಿಕೆ ಬಿಚ್ಚಿ ಉದ್ದ ಬಿಟ್ಟಳು. ಇನ್ನು ಬಹಳ ದಿನ ತಾನು ಇರುವುದಿಲ್ಲ ಎನ್ನುವವರು ಮಾಡುವ ಕೆಲಸ ಅದು.

ನಮ್ಮ ಮನೆಯೊಳಗೆ ವಿಡಿಯೋಗೆ ಸಾಕಾಗುವಷ್ಟು ನೆಟ್‌ವರ್ಕ್ ಸಿಗುವುದಿಲ್ಲ. ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ಚಾಪೆ ಹಾಸಿ, ಮೊಬೈಲನ್ನು ಕೊಡಪಾನಕ್ಕೆ ಒರಗಿಸಿ ಎಲ್ಲರೂ ಕೂತೆವು. ಮಗ ಸ್ವಲ್ಪ ದೂರದಲ್ಲಿ, ಕೈಕಟ್ಟಿಕೊಂಡು, ನಂಬಿಕೆ ಇಲ್ಲದವನ ಹಾಗೆ. ರಜೆಯ ದಿನ ಡಾಕ್ಟರಮ್ಮ ತಮ್ಮ ಮನೆಯಿಂದಲೇ ಮಾತಾಡಿದರು. ಹಿಂದೆ ಕುಕ್ಕರ್ ಕೂಗುವುದು ಕೇಳುತ್ತಿತ್ತು.

ಅವರು ಸೊಸೆಯನ್ನು ಬೈಯಲಿಲ್ಲ. ಮಾತುಗಳು ಏನು ಹೇಳುತ್ತವೆ ಎಂದು ಕೇಳಿದರು. "ಹೋಗು ಹೋಗು ಅಂತವೆ ಮೇಡಂ. ಹೊತ್ತು ಹೇಳಿದ್ರೂ ಕೇಳ್ತಾ ಇಲ್ಲ" ಎಂದಳು. ಮಾತ್ರೆ ತಗೊಂಡಿದ್ದೀರಾ ಎಂದರು. "ತಗೊಂಡಿದೀನಿ ಮೇಡಂ" ಎಂದಳು, ನಿಜ ಹೇಳುವವಳ ದನಿಯಲ್ಲಿ. ಡಾಕ್ಟರಮ್ಮ ಅಲ್ಲಿಗೆ ನಿಲ್ಲಿಸಿ ಮಾತ್ರೆ ಹೆಚ್ಚಿಸಬಹುದಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅವರು ಬೇರೆಯೇ ಕೇಳಿದರು. "ಇವತ್ತು ಬೆಳಿಗ್ಗೆಯಿಂದ ಏನೇನು ಮಾಡಿದ್ರಿ, ಎದ್ದಾಗಿನಿಂದ ಹೇಳಿ ನೋಡೋಣ. ತಿಂಡಿ ಏನು ತಿಂದ್ರಿ?"

"ತಿಂಡಿ ಇಲ್ಲ ಮೇಡಂ. ಒಪ್ಪತ್ತು."

"ಹಂಗಾದ್ರೆ ಬೆಳಗಿನ ಮಾತ್ರೆ?"

"ತಿಂಡಿ ಆದ ಮೇಲೆ ಅಂತ ನೀವೇ ಹೇಳಿದ್ರಲ್ಲಾ. ಖಾಲಿ ಹೊಟ್ಟೇಲಿ ಮುಟ್ಟಬೇಡಿ ಅಂದಿದ್ರಿ. ತಿಂಡಿ ಇಲ್ವಲ್ಲ, ಅದಕ್ಕೆ ಮುಟ್ಟಿಲ್ಲ. ರಾತ್ರಿದು ಊಟ ಆದ ಮೇಲೆ ಒಂದು ದಿನವೂ ತಪ್ಪಿಸಿಲ್ಲ. ಮೊಬೈಲಲ್ಲಿ ಅದಕ್ಕೇ ತಗೊಂಡೆ ಅಂತ ಒತ್ತಿದ್ದು."

ಅವಳು ಎದ್ದು ಕೆಳಗೆ ಹೋಗಿ ಮಾತ್ರೆಯ ಪೊಟ್ಟಣ ತಂದು ತೋರಿಸಿದಳು. ಬೆಳಗಿನ ಮಾತ್ರೆಗಳು ಕಾರ್ತೀಕದ ಮೊದಲ ದಿನದಿಂದ ಒಂದೂ ಕದಲದೆ ಹಾಗೇ ಇದ್ದವು. ಮುಂದಿನ ತಿಂಗಳಿಗೆ ಆಗುತ್ತವೆ ಎಂದು ಜೋಪಾನ ಮಾಡಿದ್ದಳು. ದೇವರ ಮಾತನ್ನೂ ಮೀರಿರಲಿಲ್ಲ, ಡಾಕ್ಟರ ಮಾತನ್ನೂ ಮೀರಿರಲಿಲ್ಲ.

ಡಾಕ್ಟರಮ್ಮ ನಗಲಿಲ್ಲ. "ನೋಡಿ, ನಾನು ಹೇಳಿದ್ದನ್ನ ನೀವು ಸರಿಯಾಗೇ ಪಾಲಿಸಿದ್ದೀರಿ. ಒಪ್ಪತ್ತು ಇದ್ರೆ ಏನು ಮಾಡಬೇಕು ಅಂತ ನಾನು ಹೇಳಿರಲಿಲ್ಲ. ನಮ್ಮ ಆಪ್‌ನಲ್ಲೂ ಬೆಳಿಗ್ಗೆದು ರಾತ್ರಿದು ಬೇರೆ ಬೇರೆ ಕೇಳಬೇಕಿತ್ತು, ಇನ್ನು ಮೇಲೆ ಕೇಳಿಸ್ತೀನಿ" ಎಂದರು. ಆಮೇಲೆ ನನ್ನ ಮಗನನ್ನು ಹತ್ತಿರ ಕರೆದರು. ಕಾಯಿಲೆ ಪೂರ್ತಿ ಮರುಕಳಿಸಿಲ್ಲ, ಮರುಕಳಿಸುವುದಕ್ಕೆ ಮೊದಲೇ ಗೊತ್ತಾಗಿದೆ, ಅಡ್ಮಿಟ್ ಬೇಡ, ಬೆಳಿಗ್ಗೆ ಹೊಟ್ಟೆ ತುಂಬಾ ತಿಂದು ಮಾತ್ರೆ ಮೊದಲಿನಂತೆ ಶುರು ಮಾಡಲಿ, ನಾಳೆ ತಾವು ಮಧುಗಿರಿಗೆ ಬರುವ ದಿನ, ಅಲ್ಲಿಗೆ ಬಂದು ಮುಖ ತೋರಿಸಿ ಹೋಗಲಿ ಎಂದು ವಿವರಿಸಿದರು. ಕೊನೆಗೆ, "ಇದು ಗೊತ್ತಾಗಿದ್ದು ಯಾಕೆ ಹೇಳಿ? ನಿಮ್ಮ ಮನೆಯವರು ನಿದ್ದೆ ಇಲ್ಲ, ಮಾತು ಕೇಳಿಸ್ತಿದೆ ಅಂತ ದಿನಾ ನಿಜ ಒತ್ತಿದ್ದಕ್ಕೆ. ಅವರು ಚೆನ್ನಾಗಿದ್ದೀನಿ ಅಂತ ಒತ್ತಿಬಿಟ್ಟಿದ್ರೆ ನಮಗೆ ಏನೂ ಕಾಣ್ತಿರಲಿಲ್ಲ" ಎಂದರು.

ಫೋನು ಇಟ್ಟ ಮೇಲೆ ಮಗ ಎದ್ದು ತಾರಸಿಯ ಕಟ್ಟೆಯ ಕಡೆ ಹೋದ. ನಾನು ಸುಮ್ಮನಿರುವ ಜಾತಿಯಲ್ಲ. "ಏನ್ಲಾ, ಫೋನಾಗ್ ನೋಡಿ ಏನ್ ಮಾಡಿದ್ರು ಅಂತ ಗೊತ್ತಾಯ್ತಾ?" ಎಂದೆ.

"ಸಾಕು ಬುಡವ್ವ" ಎಂದ. ಭಾವಮೈದುನನಿಗೆ ಫೋನ್ ಮಾಡಿ, "ಬರ್ಬೇಡ ಕಣಯ್ಯ, ಇಲ್ಲೇ ಇರ್ತಾಳೆ" ಎಂದ. ಅಷ್ಟು ಹೊತ್ತಿಗೆ ಆ ಪುಣ್ಯಾತ್ಮ ತನ್ನ ತಾಯಿಯನ್ನೂ ಕರೆದುಕೊಂಡು ಮಧುಗಿರಿ ದಾಟಿದ್ದ. ಬಂದರು, ಬರಲಿ. ಬೀಗಿತ್ತಿ ಬಾಗಿಲಲ್ಲೇ, "ಏಂ ಅಯಿಂದಮ್ಮಾ, ಏನಾಯ್ತು?" ಎಂದು ಎರಡು ಭಾಷೆಯಲ್ಲೂ ಒಟ್ಟಿಗೆ ಕೇಳಿದರು. "ತಿಂಡಿ ತಿಂದಿರಲಿಲ್ಲ" ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಬೀಗರಿಗೆಲ್ಲ ಊಟ ಹಾಕಿ ಕಳಿಸಿದೆವು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಸಂಜೆ ದೀಪ ಹಚ್ಚಿ ಊಟಕ್ಕೆ ಕೂತಾಗ ಹೇಳಿದೆ. "ನಾಳೆಯಿಂದ ನಿಂಗೆ ಒಪ್ಪತ್ತಿಲ್ಲ. ಬೆಳಿಗ್ಗೆ ತಿಂದು ಮಾತ್ರೆ ತಗೋ."

"ನಾಳೆ ಸೋಮವಾರ ಅತ್ತೆ. ಕಾರ್ತೀಕ ಸೋಮವಾರ."

"ಆದ್ರೇನು?"

"ಹಾಲು ಕುಡಿದು ಮಾತ್ರೆ ನುಂಗ್ತೀನಿ. ತಿಂಡಿ ಬೇಡ."

"ಹೊಟ್ಟೆ ತುಂಬಾ ತಿನ್ನಬೇಕು ಅಂತ ಹೇಳಿದ್ದು ಕೇಳಿಸ್ಲಿಲ್ವಾ?"

ಅವಳು ತಲೆ ತಗ್ಗಿಸಿ, "ನೀವು ಉಪವಾಸ ಕೂತಿರುವಾಗ ನಾನು ನಿಮ್ಮ ಮುಂದೆ ತಟ್ಟೆ ಇಟ್ಕೊಂಡು ತಿನ್ನೋದಾ? ಇಷ್ಟು ವರ್ಷ ಕಾರ್ತೀಕದಲ್ಲಿ ನಿಮ್ಮ ಕಣ್ಣಿಗೆ ಬೀಳದ ಹಾಗೆ ತಿಂದೆ, ಈ ಸಲ ನಾನೂ ಒಪ್ಪತ್ತು ಹಿಡಿದೆ ಅಂತ ಊರಿಗೇ ಗೊತ್ತು. ಊರೋರು ಏನಂತಾರೆ? ಆ ಗೋಡೆಯಾಚೆಯವರು ಏನಂತಾರೆ?" ಎಂದಳು.

ಊರವರ ಬಾಯಿಗೂ ಗೋಡೆಯಾಚೆಯವರ ಬಾಯಿಗೂ ಅವಳ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿರಲಿಲ್ಲ. ನನಗೂ ಹಾಗೇ ಅನ್ನಿಸಿತು. ಡಾಕ್ಟರಮ್ಮ ಕಾರಣ ಹುಡುಕಿ ಕೊಟ್ಟರು, ಆ ಹುಡುಗಿ ಮೊದಲೇ ಎಚ್ಚರಿಸಿದಳು, ಮೊಬೈಲು ತನ್ನ ಕೆಲಸ ಮಾಡಿತು. ಆದರೆ ಅತ್ತೆ ತಿನ್ನದೆ ಸೊಸೆ ತಿನ್ನಬಾರದು ಎನ್ನುವ ಗಂಟನ್ನು ಬಿಚ್ಚುವುದು ಅವರ ಯಾರ ಕೈಲೂ ಆಗುತ್ತಿರಲಿಲ್ಲ. ನಾನು ಊಟ ಮಾಡಿ ಮಲಗಿದೆ.

ಮಾರನೇ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ದೇವರ ಮುಂದೆ ನಿಂತು, "ಈ ಸಲಕ್ಕೆ ಇಷ್ಟು ಸಾಕು ಕಣಪ್ಪ" ಎಂದೆ. ಒಲೆ ಹಚ್ಚಿ ಈರುಳ್ಳಿ ಬಿಟ್ಟು ಉಪ್ಪಿಟ್ಟು ಮಾಡಿದೆ. ಎರಡು ತಟ್ಟೆಗೆ ಹಾಕಿ, ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ಅವಳು ನೋಡುತ್ತಿರುವಾಗಲೇ ಮೊದಲ ತುತ್ತು ನಾನು ತಿಂದೆ.